ಬೆಳಕು ಬಿದ್ದ ರೀಲು

ಕ್ಯಾಮೆರಾದೊಳಗಿನ ಫಿಲ್ಮಿಗೆ ಬೆಳಕು ತಾಕಬೇಕಾದದ್ದು ಒಂದೇ ಸಲ, ಲೆನ್ಸಿನ ಮೂಲಕ, ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು. ಅದಾದ ಮೇಲೆ ಡೆವಲಪರಿನಲ್ಲಿ ಅದ್ದಿ, ಚಿತ್ರವನ್ನು ಸ್ಥಿರಗೊಳಿಸುವ ಹೈಪೊದಲ್ಲಿ ತೊಳೆಯುವ ತನಕ ಅದು ಕತ್ತಲಲ್ಲೇ ಇರಬೇಕು. ಈ ನಡುವೆ ಯಾರಾದರೂ ಕ್ಯಾಮೆರಾದ ಹಿಂಬಾಗಿಲು ತೆರೆದರೆ, ಡಾರ್ಕ್‌ರೂಮಿನ ಕದ ತಳ್ಳಿದರೆ, ರೀಲನ್ನು ಬಿಸಿಲಿನಲ್ಲಿ ಬಿಚ್ಚಿದರೆ ಚಿತ್ರ ಕೆಟ್ಟಿತು. ಸ್ಟುಡಿಯೋದವರು ಇದನ್ನು ರೀಲಿಗೆ ಲೈಟ್ ಹೊಡೆದಿದೆ ಎನ್ನುತ್ತಿದ್ದರು, ಗಿರಾಕಿಗಳು ರೀಲು ಎಕ್ಸ್‌ಪೋಸ್ ಆಗಿಹೋಯಿತು ಎನ್ನುತ್ತಿದ್ದರು. ಛಾಯಾಗ್ರಹಣದ ಪುಸ್ತಕಗಳಲ್ಲಿ ಇದರ ಹೆಸರು ಫಾಗ್.

ಫಿಲ್ಮಿನ ಮೈಮೇಲಿನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣಗಳ, ಮುಖ್ಯವಾಗಿ ಬ್ರೋಮೈಡಿನ, ಸೂಕ್ಷ್ಮ ಹರಳುಗಳು ಹರಡಿರುತ್ತವೆ. ಬೆಳಕು ಬಿದ್ದ ಹರಳಿನ ಒಂದು ಮೂಲೆಯಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಟ್ಟುಗೂಡುತ್ತವೆ. ನಾಲ್ಕು ಪರಮಾಣುಗಳು ಸೇರಿದರೂ ಸಾಕು, ಡೆವಲಪರ್ ಆ ಹರಳನ್ನು ಇಡಿಯಾಗಿ ಕಪ್ಪು ಬೆಳ್ಳಿಯನ್ನಾಗಿ ಮಾಡಿಬಿಡುತ್ತದೆ. ಬೆಳಕು ಮಾಡಿದ ಕೆಲಸವನ್ನು ರಾಸಾಯನಿಕ ನೂರು ಕೋಟಿ ಪಟ್ಟಿನ ಆಸುಪಾಸಿಗೆ ಹಿಗ್ಗಿಸುತ್ತದೆ ಎಂಬುದು ಲೆಕ್ಕ. ಕಣ್ಣಿಗೆ ಕಾಣದ ಈ ಗುರುತನ್ನು ಸುಪ್ತಬಿಂಬ ಎನ್ನುತ್ತಾರೆ. ಹರಳಿಗೆ ಬೆಳಕು ಎಲ್ಲಿಂದ ಬಂತೆಂಬ ಭೇದವಿಲ್ಲ. ಮದುಮಗಳ ಮುಖದಿಂದ ಬಂದದ್ದೂ ಬಾಗಿಲ ಸಂದಿಯಿಂದ ಬಂದದ್ದೂ ಅದಕ್ಕೆ ಒಂದೇ. ಹಾಗಾಗಿ ಬೆಳಕು ಬಿದ್ದ ನೆಗೆಟಿವ್ ತೊಳೆದಾಗ ಇದ್ದಿಲಿನಂತೆ ಕಪ್ಪಾಗುತ್ತದೆ, ಅದರಿಂದ ಹಾಕಿದ ಪ್ರಿಂಟು ಬೆಳ್ಳಗೆ ಬರುತ್ತದೆ. ಸ್ಲೈಡ್ ಫಿಲ್ಮಿನಲ್ಲಿ ತಿರುವುಮುರುವು: ಅಲ್ಲಿ ಹಾಳಾದ ಭಾಗ ಪಾರದರ್ಶಕ.

ಎಷ್ಟೋ ಸಲ ಬೆಳಕು ಮಾಡದ ತಪ್ಪನ್ನೂ ಬೆಳಕಿನ ಮೇಲೆ ಹೊರಿಸಲಾಗಿದೆ. ಗಾಜಿನಂತೆ ತಿಳಿಯಾಗಿ ಹೊರಬಂದ ನೆಗೆಟಿವನ್ನು ತೋರಿಸಿ ಲೈಟ್ ಹೊಡೆದಿದೆ ಎಂದರೆ ಅದು ಸುಳ್ಳು ಲೆಕ್ಕ. ತಿಳಿಯಾದ ಫಿಲ್ಮಿನ ಅಂಚಿನಲ್ಲಿ ಕಾರ್ಖಾನೆಯ ಅಂಕಿಗಳು ಸ್ಪಷ್ಟವಾಗಿ ಕಂಡರೆ ಆ ಫಿಲ್ಮಿಗೆ ಬೆಳಕೇ ಬಿದ್ದಿಲ್ಲ, ಬಹುಮಟ್ಟಿಗೆ ಅದರ ತುದಿ ಸುರುಳಿಗೆ ಸಿಕ್ಕಿಕೊಳ್ಳದೆ ಇಡೀ ಪ್ರವಾಸದುದ್ದಕ್ಕೂ ರೀಲು ನಿಂತಲ್ಲೇ ನಿಂತಿದೆ ಎಂದರ್ಥ. ಅಂಕಿಗಳೂ ಇಲ್ಲದೆ ತಿಳಿಯಾಗಿದ್ದರೆ ತೊಳೆದವರ ಕೈ ತಪ್ಪಿದೆ; ಡೆವಲಪರಿಗಿಂತ ಮೊದಲು ಹೈಪೊಕ್ಕೆ ಬಿದ್ದಿರಬಹುದು. ಅಂಚು, ತೂತುಗಳ ನಡುವಿನ ಜಾಗ, ಅಂಕಿ ಎಲ್ಲವನ್ನೂ ಕಪ್ಪು ನುಂಗಿದ್ದರೆ ಮಾತ್ರ ಬೆಳಕಿನ ಮೇಲೆ ದೂರು ಹೊರಿಸಬಹುದು.

ಚಿತ್ರ ತೆಗೆದ ಗಳಿಗೆಗೂ ತೊಳೆದ ಗಳಿಗೆಗೂ ನಡುವೆ ಬಿಡುವು ಇದ್ದಲ್ಲಿ ಮಾತ್ರ ಈ ಅಪಘಾತಕ್ಕೆ ಜಾಗ. ಛಾಯಾಗ್ರಹಣದ ಚರಿತ್ರೆಯಲ್ಲಿ ಆ ಬಿಡುವು, ನಡುವೆ ಒಮ್ಮೆ ಕುಗ್ಗಿದರೂ, ನಿಮಿಷಗಳಿಂದ ದಿನಗಳಿಗೆ, ದಿನಗಳಿಂದ ವರ್ಷಗಳಿಗೆ ಹಿಗ್ಗುತ್ತಾ ಹೋಯಿತು. ಬಿಡುವು ಹಿಗ್ಗಿದಂತೆಲ್ಲ ಫಿಲ್ಮಿನ ಸುತ್ತಲಿನ ಕತ್ತಲೆಯನ್ನೂ ಹೊಸದಾಗಿ ಕಟ್ಟಬೇಕಾಯಿತು.

ಆರಂಭದಲ್ಲಿ ಬೆಳಕೇ ಪೂರ್ತಿ ಶತ್ರುವಾಗಿತ್ತು. 1717ರಲ್ಲಿ ಜರ್ಮನಿಯ ಯೋಹಾನ್ ಹೈನ್‌ರಿಶ್ ಶುಲ್ಟ್ಸೆ ಬೆಳ್ಳಿ ಬೆರೆತ ಸೀಮೆಸುಣ್ಣದ ಮಿಶ್ರಣ ಬಿಸಿಲಿಗೆ ಕಪ್ಪಾಗುವುದನ್ನು ಕಂಡ. ಅದಕ್ಕೆ ಕಾರಣ ಶಾಖವಲ್ಲ, ಬೆಳಕು ಎಂದು ಪರೀಕ್ಷಿಸಿ ತೋರಿಸಿದ. 1802ರಲ್ಲಿ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ ಬೆಳ್ಳಿಯ ನೈಟ್ರೇಟ್ ಬಳಿದ ಕಾಗದ ಮತ್ತು ತೊಗಲಿನ ಮೇಲೆ ಎಲೆಗಳ, ಗಾಜಿನ ಮೇಲಿನ ಚಿತ್ರಗಳ ನೆರಳನ್ನು ಮೂಡಿಸಿದರು. ಆದರೆ ಮೂಡಿದ್ದನ್ನು ಉಳಿಸಿಕೊಳ್ಳುವ ದಾರಿ ಅವರಿಗೆ ಸಿಗಲಿಲ್ಲ. ಹಗಲಿಗೆ ತಂದರೆ ಉಳಿದ ಭಾಗವೂ ಕಪ್ಪಾಗಿ ಚಿತ್ರ ಮುಳುಗಿಹೋಗುತ್ತಿತ್ತು. ಮೋಂಬತ್ತಿಯ ಮಂಕು ಬೆಳಕಿನಲ್ಲಿ ನೋಡಿ ಮತ್ತೆ ಮುಚ್ಚಿಡಬೇಕಿತ್ತು. ಬೆಳ್ಳಿಯ ಲವಣವನ್ನು ಹೈಪೊ ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರೂ ಅದು ಛಾಯಾಗ್ರಹಣದ ಕೈಗೆ ಬಂದದ್ದು 1839ರಲ್ಲಿ. ಅಲ್ಲಿಂದ ಮುಂದೆ ಕನಿಷ್ಠ ತೊಳೆದ ಚಿತ್ರಕ್ಕೆ ಬೆಳಕಿನ ಭಯ ತಪ್ಪಿತು.

ತೊಳೆಯದ ಚಿತ್ರದ ಭಯ ಸುಪ್ತಬಿಂಬದ ಜೊತೆಗೇ ಹುಟ್ಟಿತು. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1840ರ ಸೆಪ್ಟೆಂಬರಿನಲ್ಲಿ ಕಾಗದದ ಮೇಲೆ ಏನೂ ಕಾಣದಿದ್ದರೂ ರಾಸಾಯನಿಕದಿಂದ ಅಡಗಿದ ಚಿತ್ರವನ್ನು ಹೊರಗೆಳೆಯಬಹುದೆಂದು ಕಂಡುಕೊಂಡ. ಅಲ್ಲಿಯವರೆಗೆ ಕಾಗದ ಕಣ್ಣೆದುರೇ ನಿಧಾನವಾಗಿ ಕಪ್ಪಾಗುತ್ತಿದ್ದುದರಿಂದ ಕೆಟ್ಟರೆ ಕೆಟ್ಟದ್ದು ಅಲ್ಲೇ ಗೊತ್ತಾಗುತ್ತಿತ್ತು. ಈಗ ಬರಿದಾಗಿ ಕಾಣುವ ಹಾಳೆಯಲ್ಲಿ ಚಿತ್ರವಿದೆಯೋ ಹಾಳಾಗಿದೆಯೋ ಎಂದು ತೊಳೆಯುವ ತನಕ ಹೇಳುವಂತಿರಲಿಲ್ಲ.

ಕರ್ನಾಟಕದ ಗುಡಿಗಳ ಮೊದಮೊದಲ ಫೋಟೋಗಳು ಇಂಥ ಕಾಗದದ ಮೇಲೆಯೇ ಬಂದವು. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಬಳಸಿದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನ ಚಿತ್ರಗಳಿಗೆ ಪದಕ ಬಂತು. ಅದೇ 1855ರಲ್ಲಿ ಮುಂಬಯಿ ಸರ್ಕಾರದ ನೇಮಕದ ಮೇಲೆ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆಯುತ್ತಿದ್ದ. ಫ್ರಾನ್ಸಿನ ಗುಸ್ತಾವ್ ಲಗ್ರೇ 1851ರಲ್ಲಿ ಪ್ರಕಟಿಸಿದ ಮೇಣಗಾಗದದ ವಿಧಾನ ಪಯಣಿಗರಿಗೆ ಹೇಳಿ ಮಾಡಿಸಿದಂತಿತ್ತು: ಹಾಳೆಯನ್ನು ದಿನಗಟ್ಟಲೆ ಮುಂಚೆ ಸಿದ್ಧಮಾಡಿ ಒಯ್ಯಬಹುದು, ಚಿತ್ರ ತೆಗೆದ ಮೇಲೆ ಬಿಡಾರಕ್ಕೆ ಮರಳಿ ತೊಳೆಯಬಹುದು. ಅನುಕೂಲದ ಬೆಲೆ ಎಂದರೆ ಎತ್ತಿನಗಾಡಿಯ ಕುಲುಕಾಟದಲ್ಲಿ ಆ ಹಾಳೆಗಳ ಪೆಟ್ಟಿಗೆಗೆ ಸಂದಿ ಬಿಡದಂತೆ ಕಾಯುವುದು. ಒಂದು ಸಮಾಧಾನವಿತ್ತು. ಅಂದಿನ ಹಾಳೆಗಳು ಬಲು ಮಂದ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಅದೂ ನೀಲಿ ಬೆಳಕು. ದೀಪದ ಹಳದಿ ಬೆಳಕಿನಲ್ಲಿ ಧೈರ್ಯವಾಗಿ ಕೆಲಸ ಮಾಡಬಹುದಿತ್ತು.

ಅದೇ 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ಗಾಜಿನ ತಟ್ಟೆ ಬಿಡುವನ್ನು ಮತ್ತೆ ಕುಗ್ಗಿಸಿತು. ತಟ್ಟೆ ಒದ್ದೆಯಾಗಿರುವಾಗಲೇ, ಅಂದರೆ ಸುಮಾರು ಹತ್ತು ಹದಿನೈದು ನಿಮಿಷಗಳಲ್ಲಿ, ಲೇಪನ, ಚಿತ್ರ, ತೊಳೆತ ಮೂರೂ ಮುಗಿಯಬೇಕು. ಫೋಟೋದವರು ಹೋದಲ್ಲೆಲ್ಲ ಕಪ್ಪು ಡೇರೆಯನ್ನು ಹೊತ್ತೊಯ್ದರು. ಡೇರೆಯ ಹಳದಿ ಗಾಜಿನ ಕಿಟಕಿ ಬಿರುಕುಬಿಟ್ಟರೂ, ಸಹಾಯಕ ಹೊತ್ತಲ್ಲದ ಹೊತ್ತಿನಲ್ಲಿ ಪರದೆ ಸರಿಸಿದರೂ ಹಾನಿಯಾಗುತ್ತಿತ್ತು. ಆದರೆ ಹಾನಿ ಅದೇ ಗಳಿಗೆಯಲ್ಲಿ ಕಾಣುತ್ತಿತ್ತು, ಗುಡಿಯೋ ಕೋಟೆಯೋ ಎದುರಿಗೇ ಇರುತ್ತಿತ್ತು, ಇನ್ನೊಂದು ತಟ್ಟೆ ಬಳಿದುಕೊಂಡು ಮತ್ತೆ ತೆಗೆದರಾಯಿತು. ಕೊಲೋಡಿಯನ್ ಕಾಲದ ಫೋಟೋದವರು ರಾಸಾಯನಿಕಗಳ ಬಗ್ಗೆ, ಸೆಕೆಯ ಬಗ್ಗೆ, ದೂಳಿನ ಬಗ್ಗೆ ಬಗೆಬಗೆಯಾಗಿ ಗೊಣಗಿದರೂ ಊರು ಸೇರಿದ ಮೇಲೆ ಚಿತ್ರ ಇಲ್ಲವೆಂದು ತಿಳಿಯುವ ಕಷ್ಟ ಅವರಿಗಿರಲಿಲ್ಲ.

ಆ ಕಷ್ಟವನ್ನು ತಂದದ್ದು ಒಣತಟ್ಟೆ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಕ್ಸ್ 1871ರಲ್ಲಿ ಜೆಲಟಿನ್‌ನಲ್ಲಿ ಬೆಳ್ಳಿಯ ಬ್ರೋಮೈಡ್ ಬೆರೆಸಿ ಗಾಜಿಗೆ ಬಳಿಯುವುದನ್ನು ಸೂಚಿಸಿದ. 1878ರಲ್ಲಿ ಚಾರ್ಲ್ಸ್ ಬೆನೆಟ್ ಆ ಮಿಶ್ರಣವನ್ನು ಬೆಚ್ಚಗೆ ಇಟ್ಟು ಮಾಗಿಸಿದರೆ ಅದರ ಸೂಕ್ಷ್ಮತೆ ಬಹುಪಟ್ಟು ಏರುತ್ತದೆಂದು ತೋರಿಸಿದ. ತಟ್ಟೆಗಳು ಕಾರ್ಖಾನೆಯಲ್ಲಿ ತಯಾರಾಗಿ, ಡಬ್ಬಿಯಲ್ಲಿ ಕಟ್ಟಿ, ಅಂಗಡಿಯಲ್ಲಿ ಮಾರಾಟಕ್ಕೆ ಬಂದವು. ತೆಗೆದ ಚಿತ್ರವನ್ನು ವಾರಗಳ ನಂತರ ತೊಳೆದರೂ ನಡೆಯುತ್ತಿತ್ತು. ಸೂಕ್ಷ್ಮತೆ ಏರಿದ್ದರಿಂದ ಹಳೆಯ ಹಳದಿ ಕಿಟಕಿ ಸಾಲದಾಗಿ ಡಾರ್ಕ್‌ರೂಮಿಗೆ ಕೆಂಪು ದೀಪ ಬಂತು. ಬರ್ಲಿನ್ನಿನ ಹರ್ಮನ್ ಫೋಗೆಲ್ 1873ರಲ್ಲಿ ಬಣ್ಣದ್ರವ್ಯ ಬೆರೆಸಿ ತಟ್ಟೆಗೆ ಹಸಿರು ಬೆಳಕನ್ನೂ ಕಾಣುವ ಶಕ್ತಿ ಕೊಟ್ಟಿದ್ದ. 1906ರಲ್ಲಿ ಕ್ರಾಯ್ಡನ್ನಿನ ರಾಟನ್ ಅಂಡ್ ವೇನ್‌ರೈಟ್ ಕಂಪನಿ ಕೆಂಪು ಸೇರಿ ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ತಟ್ಟೆಗಳನ್ನು ಮಾರಾಟಕ್ಕಿಟ್ಟಿತು. ತುಟಿ, ಕೆಂಪು ಸೀರೆ, ಮಾವಿನಹಣ್ಣು ಇವೆಲ್ಲ ಫೋಟೋದಲ್ಲಿ ಮಸಿಯಂತೆ ಬರುವುದು ತಪ್ಪಿತೇನೋ ಸರಿ, ಆದರೆ ಕೆಂಪು ದೀಪದ ಅಭಯವೂ ಹೋಯಿತು. ಅಂದಿನಿಂದ ತಟ್ಟೆ, ಫಿಲ್ಮುಗಳನ್ನು ಗವ್ವೆನ್ನುವ ಕತ್ತಲಲ್ಲಿ ಬೆರಳ ತುದಿಯ ಅಂದಾಜಿನ ಮೇಲೆ ನಿಭಾಯಿಸಬೇಕಾಯಿತು. ಕೆಂಪು ದೀಪ ಪ್ರಿಂಟ್ ಹಾಕುವ ಕೆಲಸಕ್ಕಷ್ಟೇ ಉಳಿಯಿತು. ಸಿನಿಮಾಗಳಲ್ಲಿ ಕೆಂಪು ಬೆಳಕಿನ ಕೋಣೆಯಲ್ಲಿ ರೀಲು ಬಿಚ್ಚಿ ನೋಡುವ ಪತ್ತೇದಾರ ಎಲ್ಲ ಸಾಕ್ಷ್ಯವನ್ನೂ ತಾನೇ ಅಳಿಸುತ್ತಿರುತ್ತಾನೆ.

ಡಾರ್ಕ್‌ರೂಮ್ ಕಂಡೇ ಇಲ್ಲದವರ ಕೈಗೂ ಕ್ಯಾಮೆರಾ ಸಿಗುವಂತೆ ಮಾಡಿದ ಜಾರ್ಜ್ ಈಸ್ಟ್‌ಮನ್‌ಗೆ ಈ ಅಪಘಾತದ ಭಯ ಚೆನ್ನಾಗಿ ಗೊತ್ತಿತ್ತು. 1888ರ ಮೊದಲ ಕೊಡಕ್ ಕ್ಯಾಮೆರಾದಲ್ಲಿ ನೂರು ಚಿತ್ರಗಳ ರೀಲು ಕಾರ್ಖಾನೆಯಲ್ಲೇ ತುಂಬಿ ಬರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರಿನ ಕಾರ್ಖಾನೆಗೆ ಕಳುಹಿಸಬೇಕು; ಅವರು ಕತ್ತಲಲ್ಲಿ ತೆರೆದು, ತೊಳೆದು, ಹೊಸ ರೀಲು ತುಂಬಿಸಿ ಹತ್ತು ಡಾಲರ್ ತೆಗೆದುಕೊಂಡು ವಾಪಸು ಕಳುಹಿಸುತ್ತಿದ್ದರು. ಗಿರಾಕಿಯ ಕೈಗೆ ಫಿಲ್ಮನ್ನೇ ಕೊಡದಿರುವುದು ಆ ವ್ಯವಸ್ಥೆಯ ಜಾಣತನ. ಆದರೆ ಚಿತ್ರಕ್ಕಾಗಿ ಪ್ರತಿಸಲ ಕ್ಯಾಮೆರಾವನ್ನು ಅಂಚೆಗೆ ಹಾಕುವುದು ಹೆಚ್ಚು ದಿನ ನಡೆಯುವ ಮಾತಾಗಿರಲಿಲ್ಲ. 1891ರಲ್ಲಿ ಈಸ್ಟ್‌ಮನ್ ಹಗಲಲ್ಲೇ ತುಂಬಬಹುದಾದ ರೀಲನ್ನು ತಂದ. ಮರುವರ್ಷ ಬಾಸ್ಟನ್ನಿನ ಸ್ಯಾಮ್ಯುಯೆಲ್ ಟರ್ನರ್ ಇನ್ನೂ ಸರಳವಾದ ಉಪಾಯ ಹೂಡಿದ: ಫಿಲ್ಮಿನ ಉದ್ದಕ್ಕೂ ಹಿಂದೆ ಕಪ್ಪು ಕಾಗದ, ಕಾಗದದ ಮೇಲೆ ಅಂಕಿಗಳು, ಅಂಕಿ ಓದಲು ಕ್ಯಾಮೆರಾದ ಬೆನ್ನಲ್ಲಿ ಪುಟ್ಟ ಕೆಂಪು ಕಿಟಕಿ. ಈ ಉಪಾಯ ಬೇಕೆಂದೇ ಈಸ್ಟ್‌ಮನ್ 1895ರಲ್ಲಿ ಟರ್ನರನ ಕಂಪನಿಯನ್ನು ಕೊಂಡುಕೊಂಡ. 1900ರಲ್ಲಿ ಒಂದು ಡಾಲರಿಗೆ ಬಂದ ಬ್ರೌನಿ ಕ್ಯಾಮೆರಾ, 1901ರಲ್ಲಿ ಬಂದು ಇಂದಿಗೂ ಮಾರಾಟದಲ್ಲಿರುವ 120 ಫಿಲ್ಮ್ ಎರಡೂ ಇದೇ ಕಪ್ಪು ಕಾಗದದ ಸಂತಾನ.

ಕೆಂಪು ಕಿಟಕಿಯ ಕಥೆಯಲ್ಲಿ ಒಂದು ವ್ಯಂಗ್ಯವಿದೆ. ಅದನ್ನು ಮಾಡಿದಾಗ ಫಿಲ್ಮುಗಳಿಗೆ ಕೆಂಪು ಕಾಣುತ್ತಿರಲಿಲ್ಲ, ಆದ್ದರಿಂದ ಕಿಟಕಿ ನಿರಪಾಯವಾಗಿತ್ತು. ಪ್ಯಾನ್‌ಕ್ರೊಮ್ಯಾಟಿಕ್ ರೀಲುಗಳು ಬಂದ ಮೇಲೆ ಫಿಲ್ಮನ್ನು ಕಾಯಲು ಇಟ್ಟ ಕಿಟಕಿಯೇ ಬೆಳಕು ನುಸುಳುವ ಕಂಡಿಯಾಯಿತು. ತಯಾರಕರು ಅದಕ್ಕೆ ಜಾರುಮುಚ್ಚಳ ಇಡತೊಡಗಿದರು. ಮುಚ್ಚಳ ಹಾಕಲು ಮರೆತು ಕ್ಯಾಮೆರಾವನ್ನು ಬಿಸಿಲಿಗೆ ಬೆನ್ನು ಮಾಡಿ ಇಟ್ಟವರ ಚಿತ್ರಗಳ ನಡುವೆ ದುಂಡನೆಯ ಮಸಕು ಕಲೆ ಬೀಳುತ್ತಿತ್ತು. ಭಾರತದಲ್ಲಿ ತಯಾರಾಗಿ ಮಧ್ಯಮವರ್ಗದ ಮನೆಗಳಲ್ಲಿ ಮೊದಲ ಕ್ಯಾಮೆರಾ ಎನಿಸಿಕೊಂಡ ಆಗ್ಫಾ ಕ್ಲಿಕ್ III ಕೂಡ 120 ರೀಲಿನದೇ, ಒಂದು ರೀಲಿಗೆ ಹನ್ನೆರಡು ಚಿತ್ರ. ರೀಲು ಮುಗಿದಾಗ ತುದಿಯ ಅಂಟುಪಟ್ಟಿಯನ್ನು ನಾಲಿಗೆಗೆ ತಾಕಿಸಿ ಬಿಗಿಯಾಗಿ ಅಂಟಿಸಬೇಕು. ಆ ಕ್ಷಣದಲ್ಲಿ ಬೆರಳು ಸಡಿಲಿದರೆ ಸುರುಳಿ ಬಿಚ್ಚಿಕೊಂಡು ಅಂಚುಗಳಿಗೆ ಬೆಳಕು ಹತ್ತುತ್ತಿತ್ತು. ಪೂರ್ತಿ ಹಾಳಾದ ರೀಲಿಗಿಂತ ಹೀಗೆ ಅಂಚು ಸುಟ್ಟ ಚಿತ್ರಗಳೇ ಹಳೆಯ ಆಲ್ಬಮ್‌ಗಳಲ್ಲಿ ಹೆಚ್ಚು ಸಿಗುತ್ತವೆ, ಏಕೆಂದರೆ ಪೂರ್ತಿ ಹಾಳಾದವು ಆಲ್ಬಮ್ ಸೇರುವುದೇ ಇಲ್ಲ.

ಫಿಲ್ಮಿನ ಹಿಂಬದಿಗೆ ಬೆಳಕು ಬಿಡುವುದನ್ನೇ ಕೊಡಕ್ ಒಂದು ಸೌಲಭ್ಯವಾಗಿ ಮಾರಿದ್ದೂ ಉಂಟು. 1914ರ ಆಟೊಗ್ರಾಫಿಕ್ ಕ್ಯಾಮೆರಾದ ಬೆನ್ನಿನಲ್ಲಿ ಪುಟ್ಟ ಮುಚ್ಚಳವಿತ್ತು. ಅದನ್ನು ತೆರೆದು ಲೋಹದ ಕಡ್ಡಿಯಿಂದ ಕಾಗದದ ಮೇಲೆ ದಿನಾಂಕವನ್ನೋ ಊರಿನ ಹೆಸರನ್ನೋ ಬರೆದು, ಕೆಲವು ಸೆಕೆಂಡು ಆಕಾಶಕ್ಕೆ ಹಿಡಿದರೆ ಬರೆದ ಗೆರೆಗಳ ಮೂಲಕ ಬೆಳಕು ಇಳಿದು ಅಕ್ಷರಗಳು ಎರಡು ಚಿತ್ರಗಳ ನಡುವಿನ ಪಟ್ಟಿಯಲ್ಲಿ ಮೂಡುತ್ತಿದ್ದವು. ಈ ಪೇಟೆಂಟಿಗೆ ಕಂಪನಿ ಮೂರು ಲಕ್ಷ ಡಾಲರ್ ಕೊಟ್ಟಿತು. ಕೊಂಡದ್ದು ಹೆನ್ರಿ ಗೈಸ್‌ಮನ್ ಎಂಬುವನಿಂದ, ಆತ ಮುಂಚೆಯೇ ಕ್ಷೌರದ ರೇಜರಿನಿಂದ ಹಣ ಮಾಡಿದವನು. ಜನರಿಗೆ ಬರೆಯುವ ಅಭ್ಯಾಸ ಅಂಟಿಕೊಳ್ಳದೆ 1930ರ ದಶಕದಲ್ಲಿ ಆಟೊಗ್ರಾಫಿಕ್ ಮೂಲೆ ಸೇರಿತು.

ಒಣ ಫಿಲ್ಮಿನ ಸುಪ್ತಬಿಂಬ ಎಷ್ಟು ಕಾಲ ಕಾಯಬಲ್ಲದೆಂದು ತಿಳಿದದ್ದು ಉತ್ತರ ಧ್ರುವದ ಮಂಜಿನಲ್ಲಿ. ಸ್ವೀಡನ್ನಿನ ಸಾಲೊಮೊನ್ ಆಂಡ್ರೆ 1897ರ ಜುಲೈನಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಬಲೂನಿನಲ್ಲಿ ಧ್ರುವದತ್ತ ಹೊರಟು ಕಾಣೆಯಾದ. 1930ರಲ್ಲಿ ವೈಟ್ ಐಲೆಂಡ್ ಎಂಬ ದ್ವೀಪದಲ್ಲಿ ಅವರ ದೇಹಗಳ ಜೊತೆ, ಆ ಸಂಗಾತಿಗಳಲ್ಲೊಬ್ಬನಾದ ನಿಲ್ಸ್ ಸ್ಟ್ರಿಂಡ್‌ಬರ್ಗ್ ತೆಗೆದ ಫಿಲ್ಮೂ ಸಿಕ್ಕಿತು. ಮೂವತ್ತಮೂರು ವರ್ಷ ನೀರು, ಮಂಜು, ಬೂಷ್ಟು, ಸೋರಿದ ಬೆಳಕು ಎಲ್ಲವನ್ನೂ ಉಂಡ ಆ ಫಿಲ್ಮನ್ನು ಸ್ಟಾಕ್‌ಹೋಮಿನ ಜಾನ್ ಹರ್ಟ್ಸ್‌ಬರ್ಗ್ ಜೋಪಾನವಾಗಿ ತೊಳೆದು, ಸುಮಾರು 240 ಚಿತ್ರಗಳಲ್ಲಿ 93ನ್ನು ಉಳಿಸಿದ. ಮಂಜಿನ ಮೇಲೆ ಮಗ್ಗುಲಾಗಿ ಬಿದ್ದ ಬಲೂನಿನ ಪ್ರಸಿದ್ಧ ಚಿತ್ರ ಅವುಗಳಲ್ಲೊಂದು.

ಬೆಳಕೇ ಬೀಳದ ತಟ್ಟೆಗಳೂ ಕಪ್ಪಾಗುವುದುಂಟೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರಯೋಗಶಾಲೆಗಳಲ್ಲಿ ಗೋಜಲು ಹುಟ್ಟಿಸಿತು. 1890ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯದ ಆರ್ಥರ್ ಗುಡ್‌ಸ್ಪೀಡ್ ಮತ್ತು ವಿಲಿಯಂ ಜೆನ್ನಿಂಗ್ಸ್ ವಿದ್ಯುತ್ ಪ್ರಯೋಗ ನಡೆಸುವಾಗ ಪಕ್ಕದಲ್ಲಿದ್ದ ತಟ್ಟೆಯೊಂದರ ಮೇಲೆ ಎರಡು ದುಂಡು ನೆರಳುಗಳು ಬಿದ್ದವು. ತಟ್ಟೆಗಳ ಮೇಲೆ ನಾಣ್ಯಗಳಿದ್ದವು. ಅವರು ತಲೆ ಕೆರೆದುಕೊಂಡು ತಟ್ಟೆಯನ್ನು ಎತ್ತಿಟ್ಟರು. ನಿರ್ವಾತದಲ್ಲಿ ವಿದ್ಯುತ್ ಹಾಯಿಸುವ ಕ್ರೂಕ್ಸ್ ನಳಿಕೆಯ ಸನಿಹ ಇಟ್ಟ ತಟ್ಟೆಗಳು ಮಸುಕಾಗುತ್ತವೆಂದು ಕಂಡ ಆಕ್ಸ್‌ಫರ್ಡಿನ ಫ್ರೆಡರಿಕ್ ಸ್ಮಿತ್ ಅವನ್ನು ಬೇರೆಡೆ ಇಡುವಂತೆ ಸಹಾಯಕನಿಗೆ ಹೇಳಿ ಸುಮ್ಮನಾದನಂತೆ. ವಿಲ್‌ಹೆಲ್ಮ್ ರಾಂಟ್‌ಗೆನ್ 1895ರ ನವೆಂಬರಿನಲ್ಲಿ ಎಕ್ಸ್-ಕಿರಣವನ್ನು ಗುರುತಿಸಿದ ಮೇಲೆ ಇವರೆಲ್ಲರಿಗೂ ತಮ್ಮ ಕೆಟ್ಟ ತಟ್ಟೆಗಳ ನೆನಪಾಯಿತು. ಮರುವರ್ಷ ಫೆಬ್ರವರಿ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಮೋಡ ಕವಿದಿದ್ದರಿಂದ ಆಂರಿ ಬೆಕೆರಲ್ ಯುರೇನಿಯಂ ಲವಣವನ್ನು, ದಪ್ಪ ಕಪ್ಪು ಕಾಗದದಲ್ಲಿ ಸುತ್ತಿದ ತಟ್ಟೆಯೊಂದಿಗೆ ಮೇಜಿನ ಖಾನೆಯಲ್ಲಿ ಇಟ್ಟ. ಲವಣಕ್ಕೆ ಬಿಸಿಲು ತಾಕಿಸಬೇಕೆಂಬುದು ಅವನ ಯೋಜನೆ. ಮಾರ್ಚ್ 1ರಂದು ಮಸುಕು ಗುರುತಷ್ಟೇ ಇರಬಹುದೆಂದು ತೊಳೆದು ನೋಡಿದರೆ ಲವಣದ ಆಕಾರ ಗಾಢವಾಗಿ ಮೂಡಿತ್ತು. ವಿಕಿರಣಶೀಲತೆ ಹೀಗೆ ಕೈಗೆ ಬಿತ್ತು. ಇದೇ ಬಗೆಯ ಗುರುತನ್ನು 1857ರ ಸುಮಾರಿಗೇ ನಿಯೆಪ್ಸ್ ದ ಸೇಂಟ್ ವಿಕ್ಟರ್ ಕಂಡಿದ್ದ. ಬೆಕೆರಲ್‌ನ ದೊಡ್ಡಸ್ತಿಕೆ ತಟ್ಟೆ ಕೆಟ್ಟದ್ದರಲ್ಲಿ ಇಲ್ಲ, ಕೆಟ್ಟ ತಟ್ಟೆಯನ್ನು ಬಿಸಾಡದೆ ಪ್ರಯೋಗವನ್ನು ಕತ್ತಲಲ್ಲೇ ಮತ್ತೆ ಮತ್ತೆ ಮಾಡಿದ್ದರಲ್ಲಿ ಇದೆ.

ಐವತ್ತು ವರ್ಷದ ನಂತರ ಕೊಡಕ್ ಕಂಪನಿಗೂ ಇದೇ ಅನುಭವವಾಯಿತು. 1945ರ ಶರತ್ಕಾಲದಲ್ಲಿ ಅದರ ಎಕ್ಸ್-ರೇ ಫಿಲ್ಮುಗಳು ಡಬ್ಬಿಯೊಳಗೇ ಚುಕ್ಕೆಚುಕ್ಕೆಯಾಗಿ ಕೆಟ್ಟಿವೆಯೆಂದು ದೂರು ಬಂತು. ಅಲ್ಲಿನ ಭೌತವಿಜ್ಞಾನಿ ಜೂಲಿಯನ್ ವೆಬ್ ದೋಷವನ್ನು ಫಿಲ್ಮುಗಳ ನಡುವೆ ಇಡುವ ರಟ್ಟಿನಲ್ಲಿ ಹಿಡಿದ. ರಟ್ಟು ಬಂದದ್ದು ಇಂಡಿಯಾನಾದ ವಿನ್ಸೆನ್ಸ್ ಗಿರಣಿಯಿಂದ. ಯುದ್ಧಕಾಲದಲ್ಲಿ ಗಡಿಯಾರದ ಮುಖಕ್ಕೆ ಬಳಿಯುವ ರೇಡಿಯಂ ರದ್ದಿಕಾಗದಕ್ಕೆ ಸೇರಿ ಇಂಥ ತೊಂದರೆ ಮೊದಲೇ ಆಗಿತ್ತು, ಆದರೆ ಇದು ರೇಡಿಯಂ ಆಗಿರಲಿಲ್ಲ. ಸುಮಾರು ಮೂವತ್ತೆರಡು ದಿನಕ್ಕೆ ಅರೆಯಾಗುವ ಸೀರಿಯಂ-141, ಅಂದರೆ ಪರಮಾಣು ವಿದಳನದ ಕಸ. ಜುಲೈ 16ರಂದು ನ್ಯೂ ಮೆಕ್ಸಿಕೊದಲ್ಲಿ ಗುಟ್ಟಾಗಿ ಸಿಡಿಸಿದ ಮೊದಲ ಅಣುಬಾಂಬಿನ ದೂಳು ಗಾಳಿಯಲ್ಲಿ ಸಾಗಿ, ಮಳೆಯಲ್ಲಿ ಇಳಿದು, ಗಿರಣಿ ಬಳಸುತ್ತಿದ್ದ ವಾಬಾಶ್ ನದಿಯ ನೀರು ಸೇರಿತ್ತು. ವೆಬ್ ಇದನ್ನು 1949ರಲ್ಲಿ ಪ್ರಕಟಿಸಿದ. 1951ರ ಜನವರಿಯಲ್ಲಿ ನೆವಾಡದ ಪರೀಕ್ಷೆಗಳ ಬೆನ್ನಲ್ಲೇ ರಾಚೆಸ್ಟರಿನಲ್ಲಿ ಬಿದ್ದ ಹಿಮವೂ ವಿಕಿರಣ ಸೂಸಿದಾಗ ಕೊಡಕ್ ದೂರು ಕೊಟ್ಟಿತು. ಅಮೆರಿಕದ ಪರಮಾಣು ಶಕ್ತಿ ಆಯೋಗ ಫಿಲ್ಮ್ ತಯಾರಕರಿಗೆ ಪರೀಕ್ಷೆಗಳ ಮುನ್ಸೂಚನೆ ಕೊಡಲು ಒಪ್ಪಿತು. ಬೂದಿ ಬೀಳುವ ಊರುಗಳ ಜನರಿಗೆ ಅಂಥ ಸೂಚನೆ ಸಿಗಲಿಲ್ಲ ಎಂಬುದು ಮುಂದೆ ಅಮೆರಿಕದಲ್ಲಿ ಕಹಿ ಚರ್ಚೆಗೆ ವಸ್ತುವಾಯಿತು. ಈ ದೌರ್ಬಲ್ಯವೇ ಬೇರೊಂದೆಡೆ ಅಳತೆಗೋಲಾಯಿತು: ವಿಕಿರಣದ ನಡುವೆ ದುಡಿಯುವವರ ಅಂಗಿಗೆ ಸಿಕ್ಕಿಸುವ ಫಿಲ್ಮ್ ಬ್ಯಾಡ್ಜ್ ಎಷ್ಟು ಕಪ್ಪಾಯಿತೆಂದು ನೋಡಿ ಅವರ ಮೈಗೆ ತಾಕಿದ ಪ್ರಮಾಣವನ್ನು ಹೇಳುತ್ತಿದ್ದರು.

ಸಿನಿಮಾ ಫಿಲ್ಮಿನ 35 ಮಿಲಿಮೀಟರ್ ಪಟ್ಟಿ ಫೋಟೋ ಕ್ಯಾಮೆರಾಕ್ಕೆ ಬಂದಾಗ ಕಪ್ಪು ಕಾಗದದ ಕಾವಲು ಹೋಯಿತು. ಆಸ್ಕರ್ ಬರ್ನಾಕ್ 1914ರ ವೇಳೆಗೆ ಮಾಡಿದ ಮೊದಲ ಲೈಕಾ ಮಾದರಿಯಲ್ಲಿ ಫಿಲ್ಮ್ ಮುಂದಕ್ಕೆ ಸರಿಸುವಾಗ ಷಟರಿನ ಸೀಳು ತೆರೆದೇ ಇರುತ್ತಿತ್ತು. ಪ್ರತಿ ಸಲ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಚಿತ್ರ ಹೋಯಿತು. 1925ರಲ್ಲಿ ಮಾರುಕಟ್ಟೆಗೆ ಬರುವಷ್ಟರಲ್ಲಿ ಅದನ್ನು ಸರಿಪಡಿಸಲಾಗಿತ್ತು. ಇಂದು ಎಲ್ಲರೂ ಬಲ್ಲ, ಬಾಯಿಗೆ ಮಖಮಲ್ಲಿನ ತುಟಿಯಿರುವ ಡಬ್ಬಿಯನ್ನು ಕೊಡಕ್ 1934ರಲ್ಲಿ ತಂದಿತು. ಫಿಲ್ಮನ್ನು ಹೊರಬಿಟ್ಟು ಬೆಳಕನ್ನು ತಡೆಯುವ ಆ ತುಟಿಯೇ ಅದರ ಜೀವಾಳ. ಇನ್ನೊಂದು ಕಾವಲು ಕಣ್ಣಿಗೆ ಬೀಳುವುದಿಲ್ಲ: ಹೊರಗೆ ಚಾಚಿದ ತುದಿಯಿಂದ ಬೆಳಕು ಫಿಲ್ಮಿನ ತೆಳು ಹಾಳೆಯೊಳಗೇ ನಳಿಗೆಯಲ್ಲಿ ಹರಿದಂತೆ ಒಳಗೆ ಹರಿಯಬಾರದೆಂದು 35 ಮಿಲಿಮೀಟರ್ ಫಿಲ್ಮಿನ ಹಾಳೆಗೆ ಬೂದುಬಣ್ಣ ಬೆರೆಸುತ್ತಾರೆ.

ಡಬ್ಬಿ ಬಂದರೂ ಹೊಸ ತಪ್ಪೊಂದು ಹುಟ್ಟಿತು. ಮೂವತ್ತಾರು ಚಿತ್ರ ಮುಗಿದ ಮೇಲೆ ಫಿಲ್ಮನ್ನು ಡಬ್ಬಿಗೆ ಮರಳಿ ಸುತ್ತಬೇಕು. ಸುತ್ತದೆ ಹಿಂಬಾಗಿಲು ತೆರೆಯುವುದೇ ಇಪ್ಪತ್ತನೆಯ ಶತಮಾನದಲ್ಲಿ ಅತಿ ಸಾಮಾನ್ಯವಾದ ಅನಾಹುತ. ಮದುವೆ ಮನೆಯಲ್ಲಿ ಮಕ್ಕಳ ಕೈಗೆ ಕ್ಯಾಮೆರಾ ಸಿಕ್ಕರೆ ಅದು ಖಚಿತ. ಆದರೂ ತಕ್ಷಣ ಮುಚ್ಚಿದರೆ ಎಲ್ಲವೂ ಹೋಗುವುದಿಲ್ಲ. ಡಬ್ಬಿಯಲ್ಲಿ ಉಳಿದ ಹೊಸ ಫಿಲ್ಮ್ ಸುರಕ್ಷಿತ. ಸುರುಳಿಯ ಮೇಲಿನ ಕೆಲವು ಸುತ್ತುಗಳು ಕಪ್ಪಾಗಿ ಒಳಸುತ್ತುಗಳನ್ನು ಕಾಯುತ್ತವೆ. ಬಣ್ಣದ ನೆಗೆಟಿವಿಗೆ ಹಿಂದಿನಿಂದ ಬೆಳಕು ನುಸುಳಿದರೆ ತಳದಲ್ಲಿರುವ, ಕೆಂಪನ್ನು ಗ್ರಹಿಸುವ ಪದರಕ್ಕೆ ಮೊದಲು ತಾಕುವುದರಿಂದ ಪ್ರಿಂಟಿನಲ್ಲಿ ಕೆಂಪು, ಕಿತ್ತಳೆಯ ಜ್ವಾಲೆಯಂಥ ಪಟ್ಟಿ ಬರುತ್ತದೆ. 1963ರ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾದ ಮುಚ್ಚಿದ ಪೆಟ್ಟಿಗೆಯಂಥ ಕಾರ್ಟ್ರಿಜ್ ಹಿಂದಕ್ಕೆ ಸುತ್ತುವ ಕೆಲಸವನ್ನೇ ತೆಗೆದುಹಾಕಿತು. 1970ರ ಹೊತ್ತಿಗೆ ಅದು ಐದು ಕೋಟಿಗೂ ಹೆಚ್ಚು ಮಾರಾಟವಾಯಿತು. 1990ರ ದಶಕದ ಕೆಲವು ಆಟೊಮ್ಯಾಟಿಕ್ ಕ್ಯಾಮೆರಾಗಳು ಮೊದಲೇ ಇಡೀ ಫಿಲ್ಮನ್ನು ಹೊರಗೆಳೆದು ತೆಗೆದ ಚಿತ್ರವನ್ನು ಒಂದೊಂದಾಗಿ ಡಬ್ಬಿಗೆ ಸೇರಿಸುತ್ತಿದ್ದವು. ಬಾಗಿಲು ತೆರೆದರೆ ಹಾಳಾಗುವುದು ಇನ್ನೂ ತೆಗೆಯದ ಚಿತ್ರಗಳು ಮಾತ್ರ. ಇಷ್ಟು ಸರಳ ಉಪಾಯ ಹೊಳೆಯಲು ದಶಕಗಳೇ ಬೇಕಾದವು.

ಕಂಪನಿಗಳ ಇಂಥ ಉಪಾಯಗಳು ದುಬಾರಿಯಾದ ಕಡೆ ಕತ್ತಲೆಯನ್ನು ಕೈಯಲ್ಲೇ ಹೊಂದಿಸಿಕೊಂಡರು. ಊಟಿಯಲ್ಲಿ ಸರ್ಕಾರ 1960ರಲ್ಲಿ ಸ್ಥಾಪಿಸಿದ, 1967ರಿಂದ ಉತ್ಪಾದನೆ ನಡೆಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಎಂಬ ಹೆಸರಿನ ಫಿಲ್ಮನ್ನೋ ಪೂರ್ವ ಜರ್ಮನಿಯ ಓರ್ವೊವನ್ನೋ ನೂರಡಿ ಸುರುಳಿಯಲ್ಲಿ ತಂದು, ಕತ್ತಲಲ್ಲಿ ತುಂಡು ಮಾಡಿ ಹಳೆಯ ಡಬ್ಬಿಗಳಿಗೆ ತುಂಬಿಸುವುದು ಸ್ಟುಡಿಯೋಗಳ ಮತ್ತು ಹವ್ಯಾಸಿಗಳ ರೂಢಿಯಾಗಿತ್ತು. ಮತ್ತೆ ಮತ್ತೆ ಬಳಸಿದ ಡಬ್ಬಿಯ ಮಖಮಲ್ಲು ಸವೆದು ಬೆಳಕು ಸೋರುವುದು ಅದರ ಜೊತೆಗೇ ಬರುತ್ತಿತ್ತು. ಕಾಡಿನಲ್ಲೋ ರಸ್ತೆಬದಿಯಲ್ಲೋ ಫಿಲ್ಮ್ ಸಿಕ್ಕಿಹಾಕಿಕೊಂಡರೆ ಕಂಬಳಿಯ ಒಳಗೆ, ಇಲ್ಲವೇ ಕೋಟನ್ನು ಮಡಿಸಿ ಅದರ ತೋಳುಗಳೊಳಗೆ ಕೈತೂರಿಸಿ ಬಿಡಿಸಿಕೊಳ್ಳುತ್ತಿದ್ದರು. ಕನ್ನಡ ಚಿತ್ರಗಳ ನೆಗೆಟಿವ್‌ಗಳು ಬಹುಕಾಲ ತೊಳೆಯಲು ಮದರಾಸಿನ ಲ್ಯಾಬ್‌ಗಳಿಗೆ ಹೋಗುತ್ತಿದ್ದವು. ನಾನೂರು ಅಡಿಯ ಒಂದು ಡಬ್ಬಿಯಲ್ಲಿ ನಾಲ್ಕೂವರೆ ನಿಮಿಷದಷ್ಟು ಚಿತ್ರೀಕರಣ. ಅದನ್ನು ಕ್ಯಾಮೆರಾದಿಂದ ತೆಗೆದು, ಬೆಳಕು ತೂರದ ಚೀಲದೊಳಗೆ ಕಪ್ಪು ಕಾಗದ ಸುತ್ತಿ, ಡಬ್ಬಿಯ ಅಂಚಿಗೆ ಟೇಪು ಹಾಕುವವನು ಘಟಕದಲ್ಲಿ ಎಲ್ಲರಿಗಿಂತ ಕಿರಿಯ ಸಹಾಯಕ. ಸೆಟ್ಟಿನ ಇಡೀ ದಿನದ ಖರ್ಚು ಅವನ ಬೆರಳುಗಳ ಮೇಲೆ ನಿಂತಿರುತ್ತಿತ್ತು.

ತೊಳೆಯದ ಫಿಲ್ಮಿನ ಈ ಬಲಹೀನತೆ ಅಧಿಕಾರದಲ್ಲಿದ್ದವರಿಗೂ ಗೊತ್ತಿತ್ತು. ಬೇಡದ ಫೋಟೋ ತೆಗೆದವರ ಕ್ಯಾಮೆರಾ ಕಸಿದು ರೀಲನ್ನು ಬಿಸಿಲಿಗೆ ಎಳೆಯುವುದು ಜಗತ್ತಿನ ಎಲ್ಲ ಪೊಲೀಸರ ವಿದ್ಯೆ. 1989ರ ಜೂನಿನಲ್ಲಿ ಬೀಜಿಂಗಿನಲ್ಲಿ ಟ್ಯಾಂಕುಗಳೆದುರು ಒಬ್ಬನೇ ನಿಂತವನ ಚಿತ್ರ ತೆಗೆದ ಚಾರ್ಲಿ ಕೋಲ್ ಆ ರೀಲನ್ನು ಹೋಟೆಲಿನ ಶೌಚಾಲಯದ ನೀರಿನ ತೊಟ್ಟಿಯಲ್ಲಿ ಬಚ್ಚಿಟ್ಟ. ಕೋಣೆಗೆ ನುಗ್ಗಿದ ಭದ್ರತಾ ಸಿಬ್ಬಂದಿಗೆ ಅವನ ಬೇರೆ ಫಿಲ್ಮುಗಳು ಸಿಕ್ಕವು, ತೊಟ್ಟಿಯಲ್ಲಿದ್ದದ್ದು ಸಿಗಲಿಲ್ಲ.

ಬಿಡುವನ್ನೇ ಅಳಿಸುವ ಪ್ರಯತ್ನವನ್ನು ಎಡ್ವಿನ್ ಲ್ಯಾಂಡ್ ಮಾಡಿದ. ಅವನ ಪೋಲರಾಯ್ಡ್ ಕ್ಯಾಮೆರಾ 1948ರಲ್ಲಿ ಮಾರಾಟಕ್ಕೆ ಬಂತು. 1972ರ ಎಸ್‌ಎಕ್ಸ್-70ಯಲ್ಲಿ ಚಿತ್ರ ಹೊರಬೀಳುವಾಗ ರೋಲರುಗಳು ಅದರ ಪದರಗಳ ನಡುವೆ ಹರಡುವ ರಾಸಾಯನಿಕದಲ್ಲೇ ಬೆಳಕು ತಡೆಯುವ ಬಣ್ಣದ್ರವ್ಯ ಬೆರೆತಿತ್ತು. ಹಾಳೆ ನಡುಹಗಲಲ್ಲಿ ಅಂಗೈ ಮೇಲೆ ಮಲಗಿ ತನ್ನದೇ ಡಾರ್ಕ್‌ರೂಮಿನೊಳಗೆ ತೊಳೆದುಕೊಳ್ಳುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅಷ್ಟೂ ಬೇಕಾಗಲಿಲ್ಲ. ಹೀಗೆ ಅಪಘಾತದ ಭಯ ಹೋದ ಮೇಲೆ ಅದರ ಸೊಗಸು ಕಾಣತೊಡಗಿತು. 1982ರಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾದ ಹೋಲ್ಗಾ ಎಂಬ ಅಗ್ಗದ ಪ್ಲಾಸ್ಟಿಕ್ ಕ್ಯಾಮೆರಾ ಬೆಳಕು ಸೋರುವ ಗುಣಕ್ಕಾಗಿಯೇ ಬೇಡಿಕೆ ಪಡೆಯಿತು, ಮುಂದೆ ಮೊಬೈಲಿನ ಆ್ಯಪ್‌ಗಳು ಆ ಕೆಂಪು ಪಟ್ಟಿಗಳನ್ನು ಲೆಕ್ಕಾಚಾರದಿಂದ ಬಿಡಿಸತೊಡಗಿದವು.

ಫಿಲ್ಮಿಗೆ ಮರಳಿರುವ ಇಂದಿನ ಹವ್ಯಾಸಿಗಳಿಗೆ ಸೋರಿಕೆ ಬೇರೆ ಕಡೆಯಿಂದ ಬರುತ್ತದೆ. 1970ರ ದಶಕದ ಜಪಾನೀ ಕ್ಯಾಮೆರಾಗಳ ಹಿಂಬಾಗಿಲಿನ ತೋಡಿನಲ್ಲಿ ಅಂಟಿಸಿದ್ದ ಫೋಮ್ ಪಟ್ಟಿ ಈಗ ಕರಗಿ ಟಾರಿನಂತೆ ಜಿಗುಟಾಗಿರುತ್ತದೆ. ಅದನ್ನು ಕೆರೆದು ಹೊಸದು ಅಂಟಿಸದೆ ರೀಲು ತುಂಬುವಂತಿಲ್ಲ. ವಿಮಾನ ನಿಲ್ದಾಣದ ಹಳೆಯ ಎಕ್ಸ್-ರೇ ಯಂತ್ರಗಳು ಕೈಚೀಲದ ಸಾಧಾರಣ ಫಿಲ್ಮಿಗೆ ಒಂದೆರಡು ಸಲಕ್ಕೆ ಅಷ್ಟೇನೂ ಕೆಡುಕು ಮಾಡುತ್ತಿರಲಿಲ್ಲ. ಅವುಗಳ ಜಾಗಕ್ಕೆ ಬರುತ್ತಿರುವ ಸಿ.ಟಿ. ಸ್ಕ್ಯಾನರುಗಳು ಹಾಗಲ್ಲ, ಒಂದೇ ಸಲಕ್ಕೆ ಫಿಲ್ಮನ್ನು ಮಸುಕಾಗಿಸುತ್ತವೆ. ಆದ್ದರಿಂದ ಫಿಲ್ಮನ್ನು ಕೈಯಿಂದ ತಪಾಸಣೆ ಮಾಡಿಸಿಕೊಳ್ಳಬೇಕೆಂದು ತಯಾರಕರು ಸೂಚಿಸುತ್ತಾರೆ. ತೊಳೆದ ನೆಗೆಟಿವಿಗೆ ಯಾವ ಯಂತ್ರದಿಂದಲೂ ಅಪಾಯವಿಲ್ಲ.